ಅರ್ಧ ಸುಣ್ಣ, ಅರ್ಧ ಕೆಮ್ಮಣ್ಣು

ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿ ಮದ್ದುಗುಂಡುಗಳ ಜೊತೆ ಸಂಸಾರ ಮಾಡಿದವನು ನಾನು. ಹತ್ತೂ ಬೆರಳು ಇನ್ನೂ ಇವೆ. ನಿವೃತ್ತನಾಗಿ ಧಾರವಾಡದ ಮಾಳಮಡ್ಡಿಗೆ ಬಂದ ಮೇಲೆ ಓಣಿಯ ಹಿರಿಯರ ಮುಂದೆ ಬೆರಳು ಚಾಚಿ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಅದೇ ಬೆರಳುಗಳಿಂದ ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಅದನ್ನು ಬರೆಯದೆ ಇರಲು ಎರಡು ವರ್ಷ ಪ್ರಯತ್ನಪಟ್ಟೆ, ಆಗಲಿಲ್ಲ.

ಧಾರವಾಡದಿಂದ ಮೂಡಣ ದಿಕ್ಕಿಗೆ ಹೊರಟರೆ ಕೆಂಪು ಮಣ್ಣು ಮುಗಿದು ಎರೆಯ ಕಪ್ಪು ಮಣ್ಣು ಶುರುವಾಗುತ್ತದೆ. ಆ ಎರೆಯಲ್ಲಿ ಒಂದು ಹಳ್ಳಿ, ಹೆಸರು ಬೇಡ. ಅದರ ಬೆನ್ನಿಗೆ ದೊಡ್ಡದೊಂದು ಬಯಲಿದೆ. ಬಹಳ ಹಿಂದೆ ಅಲ್ಲಿಗೆ ಸೈನ್ಯದ ಲಾರಿಗಳಲ್ಲಿ ಅವಧಿ ಮೀರಿದ ಮದ್ದುಗುಂಡು ಬರುತ್ತಿತ್ತು. ಫಿರಂಗಿ ಗುಂಡು, ಮಾರ್ಟರ್ ಬಾಂಬು, ಕೈಬಾಂಬು, ಎಲ್ಲ. ಗುಂಡಿ ತೋಡಿ, ಅವನ್ನು ಪೇರಿಸಿ, ಮೇಲೆ ಹೊಸ ಮದ್ದಿಟ್ಟು ದೂರದಿಂದ ಹಾರಿಸುತ್ತಿದ್ದರು. ಆಗ ಊರಿನ ಮನೆಗಳಲ್ಲಿ ಮಾಳಿಗೆಯ ಮಣ್ಣು ಊಟದ ತಾಟಿಗೆ ಉದುರುತ್ತಿತ್ತಂತೆ. ಆಮೇಲೊಂದು ದಿನ ಲಾರಿ ಬರುವುದು ನಿಂತಿತು. ತಂತಿಬೇಲಿ ಉಳಿಯಿತು. ಬರಬರುತ್ತ ಬೇಲಿಯೂ ಜನರ ಹಿತ್ತಿಲು ಸೇರಿತು.

ಹಾರಿಸಿದ್ದೆಲ್ಲ ಸುಟ್ಟು ಬೂದಿಯಾಯಿತೆಂದು ಜನ ತಿಳಿಯುತ್ತಾರೆ. ಹಾಗೆ ಆಗುವುದಿಲ್ಲ. ಗುಂಡಿಯಲ್ಲಿಟ್ಟ ಕೆಲವು ಸಿಡಿಯದೆ ಉಳಿದು, ಪಕ್ಕದವುಗಳ ಹೊಡೆತಕ್ಕೆ ಹಾರಿ ಎಲ್ಲೋ ದೂರದಲ್ಲಿ ಬೀಳುತ್ತವೆ. ನಮ್ಮ ಕಡೆ ಅವಕ್ಕೆ ‘ಬ್ಲೈಂಡ್’ ಅನ್ನುತ್ತೇವೆ. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟು ಅವನ್ನು ಒಳಗೆ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಉಬ್ಬಿ ಮೇಲಕ್ಕೆ ತಳ್ಳುತ್ತದೆ. ಮೇಲೆ ತುಕ್ಕು ಹಿಡಿದಿರುತ್ತದೆ, ಒಳಗಿನ ಮದ್ದು ಮಾತ್ರ ಹಾಗೆಯೇ ಇರುತ್ತದೆ. ಹಳೆಯದಾದಷ್ಟೂ ಅದರ ಸ್ವಭಾವ ಕೆಡುತ್ತದೆ. ಈ ಒಂದು ವಿಷಯದಲ್ಲಿ ಅದಕ್ಕೂ ನನಗೂ ಭೇದವಿಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ.

ಆ ಬಯಲನ್ನು ಮೊದಲು ಉಳುತ್ತಿದ್ದ ಒಕ್ಕಲಿಗರಿಗೆ ಬಿಟ್ಟುಕೊಡಬೇಕೆಂದು ಮೇಲೆ ಎಲ್ಲೋ ತೀರ್ಮಾನವಾಯಿತು. ಬಿಡುವ ಮೊದಲು ಎಲ್ಲಿ ಅಪಾಯವಿದೆ, ಎಲ್ಲಿ ಇಲ್ಲ ಎಂದು ನೋಡಿ ವರದಿ ಕೊಡಬೇಕು. ಆ ಗುತ್ತಿಗೆ ಒಂದು ಖಾಸಗಿ ಕಂಪನಿಗೆ ಹೋಯಿತು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಒಂದು ಮನೆಯ ಮೇಲಿನ ಮಹಡಿಯೇ ಅವರ ಕಚೇರಿ. ಮ್ಯಾನೇಜರ್ ಮೂವತ್ತೈದರ ಆಸುಪಾಸಿನವನು, ಮಾತು ಬೆಣ್ಣೆಯಂಥದು. ಅವರ ಹತ್ತಿರ ಯಂತ್ರಗಳಿದ್ದವು, ಕಂಪ್ಯೂಟರ್ ಇತ್ತು, ಮದ್ದುಗುಂಡು ಬಲ್ಲವನ ಸಹಿ ಇರಲಿಲ್ಲ. ಅದಕ್ಕೆ ನಾನು ಸಿಕ್ಕೆ. ಮನೆಯಲ್ಲಿ ಕೂತು ಕೂತು ಹೆಂಡತಿಯ ಮೇಲೆ ರೇಗುವುದೇ ಉದ್ಯೋಗವಾಗಿದ್ದ ನನಗೂ ಬೇಕಾಗಿತ್ತು.

ಶಿವರಾತ್ರಿ ಮುಗಿದ ವಾರಕ್ಕೆ ಕೆಲಸ ಶುರುಮಾಡಿದೆವು. ನನ್ನ ಕೈಕೆಳಗೆ ನಾಲ್ವರು, ಎಲ್ಲರೂ ಮಾಜಿ ಸೈನಿಕರೇ. ಬಯಲನ್ನು ಮೂರು ಪಾಲು ಮಾಡಿದೆ. ನಡುವೆ ಹಳೆಯ ಗುಂಡಿಗಳಿರುವ ಜಾಗ, ಅಲ್ಲಿಗೆ ಯಾರೂ ಎಂದಿಗೂ ಹೋಗುವಂತಿಲ್ಲ. ಅದರ ಸುತ್ತ ಆಳಕ್ಕೆ ಅಗೆದು ನೋಡಬೇಕಾದ ಪಟ್ಟಿ, ಅದೂ ಸದ್ಯಕ್ಕೆ ಮುಚ್ಚಿದ್ದು. ಅಂಚಿನ ಹೊಲಗಳನ್ನು ಮಾತ್ರ ನಾವು ಶೋಧಿಸಿ ಬಿಡಬಹುದಾಗಿತ್ತು. ಹಗ್ಗ ಕಟ್ಟಿ ಒಂದೊಂದು ಮೀಟರಿನ ಸಾಲು ಮಾಡುವುದು, ಲೋಹ ಶೋಧಕವನ್ನು ಹಿಡಿದು ಆ ಸಾಲಿನಲ್ಲಿ ಹೆಜ್ಜೆ ಮೇಲೆ ಹೆಜ್ಜೆ ಇಡುವುದು, ಅದು ಕುಂಯ್‌ಗುಟ್ಟಿದಲ್ಲಿ ಮಂಡಿಯೂರಿ ಮಣ್ಣನ್ನು ಚೂರುಚೂರೇ ಬಿಡಿಸುವುದು. ಹೆಚ್ಚಾಗಿ ಸಿಗುವುದು ಗುಂಡಿನ ಚೂರು, ಕುಂಟೆಯ ಕುಡ, ಎತ್ತಿನ ಲಾಳ. ಆದರೆ ಪ್ರತಿ ಸಲವೂ ಅದು ಲಾಳವಲ್ಲ ಎಂದುಕೊಂಡೇ ಮಂಡಿಯೂರಬೇಕು.

ಎರಡನೆಯ ದಿನವೇ ಹಗ್ಗದ ಆಚೆ ಒಬ್ಬ ಹೆಂಗಸು ಬಂದು ನಿಂತಳು. ಅರವತ್ತು ದಾಟಿರಬೇಕು. ತಲೆಯ ಮೇಲೆ ಇಳಕಲ್ಲಿನ ಸೆರಗು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ.

‘ಸಾಹೇಬ್ರ, ನಮ್ಮ ಹೊಲದಾಗ ಏನರ ಸಿಕ್ಕೈತೇನ್ರಿ?’ ಅಂದಳು.

‘ಇನ್ನೂ ನೋಡಾಕತ್ತೇವಿ. ನೀವು ಅಲ್ಲೇ ನಿಂದರ್ರಿ, ಈಚೆ ಬರಬ್ಯಾಡ್ರಿ.’

‘ನಿಂದರಾಕ ಏನ್ರಿ, ಸೊಸಿಯಾಗಿ ಈ ಮನಿಗೆ ನಡಿಯಾಕ ಬಂದಾಗಿಂದ ನಿಂತೇನಿ. ಬೇಲಿ ಹೊರಗ ನಿಂತು ನಮ್ಮ ಮಾವಾರು ತೋರಿಸಿದ್ರು, ಅದ ನೋಡವಾ ನಮ್ಮ ಹೊಲ ಅಂತ. ಇವತ್ತಿನ ತನಕಾ ಒಂದ ಹೆಜ್ಜಿ ಇಟ್ಟಿಲ್ರಿ.’

ಚೀಲದಲ್ಲಿದ್ದದ್ದು ಆ ಹೊಲದ ಉತಾರ, ಅಂದರೆ ಪಹಣಿ. ಮಾವನ ಹೆಸರಿನದು, ಮಡಿಕೆಗಳಲ್ಲಿ ಹರಿದು ಅಂಟಿಸಿದ್ದು. ನಾಲ್ಕು ಎಕರೆ. ಬೇರೆ ಹೊಲವಿಲ್ಲ. ಬೇಲಿ ಹಾಕಿದ ವರ್ಷದಿಂದ ಆ ಮನೆಯವರು ಬೇರೆಯವರ ಹೊಲದಲ್ಲಿ ಕೂಲಿ ಮಾಡಿಕೊಂಡೇ ಬಂದಿದ್ದರು. ಮಾವ ಹೋದ, ಗಂಡ ಹೋದ. ಇದ್ದೊಬ್ಬ ಮಗಳನ್ನು ದೂರದ ಊರಿಗೆ ಕೊಟ್ಟಿದ್ದಳು. ಹೊಲ ಕೈಗೆ ಬಂದರೆ ಮಗಳು ಅಳಿಯ ಇಲ್ಲಿಗೇ ಬಂದು ಒಕ್ಕಲುತನ ಮಾಡುತ್ತಾರೆ, ತಾನು ಒಬ್ಬಳೇ ಇರುವುದು ತಪ್ಪುತ್ತದೆ. ಇಷ್ಟನ್ನು ಆಕೆ ಎರಡು ದಿನದಲ್ಲಿ ಹಗ್ಗದ ಆಚೆಯಿಂದಲೇ ಹೇಳಿ ಮುಗಿಸಿದಳು. ನಾನು ಕೇಳಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ನನಗೆ ಉರಿಯುತ್ತದೆ. ಆದರೆ ದಿನಾ ಹನ್ನೊಂದು ಗಂಟೆಗೆ ಆಕೆ ಒಂದು ತಂಬಿಗೆ ಮಜ್ಜಿಗೆ ತಂದು ಹಗ್ಗದ ಬುಡದಲ್ಲಿಟ್ಟು ಹೋಗತೊಡಗಿದ ಮೇಲೆ ನನ್ನ ಉರಿ ಕೊಂಚ ಇಳಿಯಿತು. ‘ಅಕ್ಕಾರ’ ಎಂದು ಕರೆಯತೊಡಗಿದೆ.

ಆಕೆಯ ಹೊಲದಲ್ಲಿ ಎರಡು ಬ್ಲೈಂಡ್ ಸಿಕ್ಕವು, ಎರಡೂ ಮಾರ್ಟರ್ ಬಾಂಬು. ಸೈನ್ಯದವರನ್ನು ಕರೆಸಿ ನಾಶ ಮಾಡಿಸಿದೆವು. ಉಳಿದದ್ದು ಸ್ವಚ್ಛವಾಯಿತು. ಆದರೆ ಆ ಹೊಲದ ಪೂರ್ವದ ಅಂಚು ಮುಚ್ಚಿದ ಪಟ್ಟಿಗೆ ಹತ್ತಿಕೊಂಡಿತ್ತು. ಪಟ್ಟಿಯ ಒಳಗೆ ಒಂದು ಹಳೆಯ ಬನ್ನಿ ಮರ, ಅದರ ಈಚೆ ಸುಮಾರು ಮೂವತ್ತು ಹೆಜ್ಜೆಗೆ ನನ್ನ ಗೆರೆ. ಈಚೆ ಬಿತ್ತಬಹುದು, ಆಚೆ ಕಾಲಿಡಬಾರದು. ಆ ಗೆರೆಯನ್ನು ನೆಲದ ಮೇಲೆ ಗುರುತು ಮಾಡಬೇಕಿತ್ತು.

ಕಬ್ಬಿಣದ ಗೂಟ ನೆಟ್ಟರೆ ಗುಜರಿ ಅಂಗಡಿಗೆ ಹೋಗುತ್ತವೆ. ಆದ್ದರಿಂದ ಕಲ್ಲು ಇಡುವುದೆಂದು ತೀರ್ಮಾನಿಸಿದೆ. ನಮ್ಮ ಕೆಲಸದಲ್ಲಿ ಜಗತ್ತಿನ ಎಲ್ಲ ಕಡೆ ಒಂದೇ ಪದ್ಧತಿ. ಕಲ್ಲಿನ ಅರ್ಧಕ್ಕೆ ಬಿಳಿ, ಅರ್ಧಕ್ಕೆ ಕೆಂಪು ಬಳಿಯುವುದು. ಬಿಳಿಯ ಮುಖ ಸುರಕ್ಷಿತ ಕಡೆಗೆ, ಕೆಂಪು ಮುಖ ಅಪಾಯದ ಕಡೆಗೆ. ಎರೆಯಲ್ಲಿ ಹುಡುಕಿದರೂ ಕಲ್ಲು ಸಿಗುವುದಿಲ್ಲ, ಹಾಗಾಗಿ ಖಣಿಯಿಂದ ಒಂದು ಟ್ರೇಲರ್ ತರಿಸಿದೆ. ತೆಂಗಿನಕಾಯಿಗಿಂತ ತುಸು ದೊಡ್ಡವು. ಬಣ್ಣ ಕೇಳಿದರೆ ಮ್ಯಾನೇಜರ್ ಇಂದು ನಾಳೆ ಎಂದ. ನನಗೆ ರೇಗಿತು. ಧಾರವಾಡದ ಸಂತೆಪೇಟೆಯಲ್ಲಿ ಸುಣ್ಣ ಮತ್ತು ಕೆಮ್ಮಣ್ಣು ಕೊಂಡು ತಂದೆ. ಮಳೆಗೆ ಹೋಗದಂತೆ ಅಂಟು ಸೇರಿಸಿ, ನೀರಲ್ಲಿ ಕಲಸಿ ನಾವೇ ಹಚ್ಚಿದೆವು. ಅರ್ಧ ಸುಣ್ಣ, ಅರ್ಧ ಕೆಮ್ಮಣ್ಣು. ಬಿಸಿಲಿಗೆ ಒಣಗಿ ಲಕಲಕ ಅಂದವು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ನಮ್ಮದೂ ಒಕ್ಕಲುತನದ ಮನೆ. ಚಿಕ್ಕವನಿದ್ದಾಗ ಎಳ್ಳ ಅಮಾವಾಸ್ಯೆಯ ಮುಂಜಾನೆ ಹಳ್ಳಕ್ಕಿಳಿದು ಐದು ಕಲ್ಲು ಆರಿಸಿ ತರುತ್ತಿದ್ದವನೇ ನಾನು. ಅವ್ವ ಅವನ್ನು ತೊಳೆದು, ಸುಣ್ಣ ಹಚ್ಚಿ, ಕೆಮ್ಮಣ್ಣಿನ ಬೊಟ್ಟಿಟ್ಟು, ಹೊಲದ ನಡುವೆ ಸಾಲಾಗಿ ಕೂಡಿಸುತ್ತಿದ್ದಳು. ಅವರು ಪಾಂಡವರು. ಅವರ ಬೆನ್ನಿಗೆ ಆರನೆಯದೊಂದು ಕಲ್ಲು, ಅದು ಕಳ್ಳ. ಈ ಕಡೆಯ ಒಕ್ಕಲಿಗರಿಗೆ ಹೊಲದಲ್ಲಿ ಸುಣ್ಣ ಕೆಮ್ಮಣ್ಣು ಬಳಿದ ಕಲ್ಲು ಕಂಡರೆ ಅದು ದೇವರು, ಬೇರೆ ಏನೂ ಅಲ್ಲ. ಹೊರಗಿನಿಂದ ಬಂದ ಅಧಿಕಾರಿ ಇದನ್ನು ತಿಳಿಯದಿದ್ದರೆ ಅವನನ್ನು ಕ್ಷಮಿಸಬಹುದು. ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ದಿನ ನನ್ನ ತಲೆಯಲ್ಲಿ ಅದು ಒಮ್ಮೆಯೂ ಸುಳಿಯಲಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ಪ್ರತಿ ಕಲ್ಲು ಎಲ್ಲಿದೆ ಎಂಬುದನ್ನು ಜಿಪಿಎಸ್ ಯಂತ್ರದಿಂದ ಹಿಡಿದು ವರದಿಯಲ್ಲಿ ಬರೆಯಬೇಕು. ಕಲ್ಲು ಹೋದರೂ ಗೆರೆ ಹೋಗಬಾರದು ಎಂಬುದಕ್ಕೆ ಆ ವ್ಯವಸ್ಥೆ. ಪಟ್ಟಿಯ ಬೇರೆ ಮೂರು ಬದಿಯ ಕಲ್ಲುಗಳದ್ದು ಹಿಡಿದಿದ್ದೆ. ಅಕ್ಕನ ಹೊಲದ ಪೂರ್ವದ ಅಂಚಿನದು ಉಳಿದಾಗ ಮ್ಯಾನೇಜರ್ ಆ ಯಂತ್ರವನ್ನು ಬೇರೆ ಕೆಲಸಕ್ಕೆಂದು ಒಯ್ದ. ಮೂರು ದಿನ ಕಾಯಿರಿ ಅಂದ. ನಾನು ಕಾಯಲಿಲ್ಲ. ಬಿಸಿಲು ಸುಡುತ್ತಿತ್ತು, ಸಾಕಾಗಿತ್ತು, ಅಕ್ಕ ದಿನಾ ಬಂದು ‘ಈ ಮಳಿಗೆ ಬಿತ್ತಬೌದೇನ್ರಿ’ ಎಂದು ಕೇಳುತ್ತಿದ್ದಳು. ಹಗ್ಗ ಹಿಡಿದು, ಕಣ್ಣಳತೆಯಿಂದ ಆರು ಕಲ್ಲುಗಳನ್ನು ಸಾಲಾಗಿ ಇಟ್ಟೆ. ಆಮೇಲೆ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು, ನಕಾಶೆ ನೋಡಿ, ಅಂದಾಜಿನಿಂದ ಆ ಅಂಕಿಗಳನ್ನು ತುಂಬಿದೆ. ನನ್ನ ಕೈಕೆಳಗಿನವನು ಸೈನ್ಯದಲ್ಲಿ ಇಂಥ ಕೆಲಸ ಮಾಡಿದ್ದರೆ ಅವನ ಚರ್ಮ ಸುಲಿಯುತ್ತಿದ್ದೆ.

ಶ್ರಾವಣದಲ್ಲಿ ಅಂಚಿನ ಹೊಲಗಳನ್ನು ಬಿಟ್ಟುಕೊಟ್ಟರು. ಅದರ ಹಿಂದಿನ ದಿನ ಪಂಚಾಯತಿಯಲ್ಲಿ ಜನರನ್ನು ಸೇರಿಸಿ ನಾನು ಭಾಷಣ ಮಾಡಿದೆ. ಕಲ್ಲು ಎಂದರೇನು, ಬಿಳಿ ಎಂದರೇನು, ಕೆಂಪು ಎಂದರೇನು, ಎಲ್ಲ ಹೇಳಿದೆ. ಬಂದವರೆಲ್ಲ ಗಂಡಸರು. ಹೆಂಗಸರು ಹೆಸರುಕಾಯಿ ಬಿಡಿಸಲು ಕೂಲಿಗೆ ಹೋಗಿದ್ದರು, ಅಕ್ಕನೂ ಅವರ ಜೊತೆ. ಅಳಿಯ ಇನ್ನೂ ತನ್ನ ಊರಿನಿಂದ ಬಂದಿರಲಿಲ್ಲ. ಕೇಳಿದವರು ಮನೆಗೆ ಹೋಗಿ ಹೇಳಿದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಅಕ್ಕನಿಗೆ ನಾನಾಗಿ ಬೇರೆ ಹೇಳಲೂ ಇಲ್ಲ. ಚಹಾ ಕುಡಿದು ಬಂದೆ.

ಎಳ್ಳ ಅಮಾವಾಸ್ಯೆಗೆ ಎರಡು ದಿನ ಇರುವಾಗ ಅಕ್ಕ ಅಳಿಯನನ್ನು ಮಾಳಮಡ್ಡಿಗೆ ಕಳಿಸಿದಳು. ಹೊಲದಲ್ಲಿ ಹಿಂಗಾರಿ ಜೋಳ ತೆನೆ ಬಿಟ್ಟಿದೆ, ಭೂತಾಯಿಗೆ ಎಡೆ ಚೆಲ್ಲುವ ಮೊದಲ ಚರಗ, ಸಾಹೇಬರು ಜೋಡಿಲೆ ಬರಬೇಕು. ಅಮಾವಾಸ್ಯೆಯ ದಿನ ಹೆಂಡತಿಯೂ ನಾನೂ ಹೋದೆವು. ನಾನು ಬಿಳಿ ಅಂಗಿ ಹಾಕಿಕೊಂಡಿದ್ದೆ. ಮಾಡಿದ ಕೆಲಸಕ್ಕೆ ಒಬ್ಬರು ಕರೆದು ಉಣ್ಣಿಸುತ್ತಿದ್ದಾರೆಂಬ ಖುಷಿ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಜೋಳ ನನ್ನೆತ್ತರಕ್ಕೆ ನಿಂತಿತ್ತು. ಬುತ್ತಿಯ ಬುಟ್ಟಿ ಹೊತ್ತ ಹೆಂಗಸರು ಮುಂದೆ, ನಾವು ಹಿಂದೆ, ಸಾಲಿನ ನಡುವೆ ನಡೆದೆವು. ಅಕ್ಕ ಎಡಕ್ಕೂ ಬಲಕ್ಕೂ ತೆನೆ ಮುಟ್ಟಿ ಮುಟ್ಟಿ ನೋಡುತ್ತ ಹೋಗುತ್ತಿದ್ದಳು. ಜೋಳ ಮುಗಿದಲ್ಲಿ ಒಂದು ಮರ ಬಂತು. ಮರದ ಕೆಳಗೆ ನೆಲ ಸಾರಿಸಿ ರಂಗೋಲಿ ಹಾಕಿದ್ದರು. ಐದು ಕಲ್ಲು ಸಾಲಾಗಿ, ಹಿಂದೆ ಒಂದು. ಮುಂದೆ ಎಲೆ ಹಾಸಿ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಎಣಗಾಯಿ, ಮೊಸರು ಬುತ್ತಿ. ಪೂಜೆ ಆಯಿತು. ಅಳಿಯ ಕೂಗು ಹಾಕುತ್ತ ಹೊಲದ ಸುತ್ತ ಚರಗ ಚೆಲ್ಲಿ ಬಂದ. ಎಲ್ಲರೂ ಊಟಕ್ಕೆ ಕೂತೆವು. ನನ್ನ ಹೆಂಡತಿ ಅಕ್ಕನ ಪಕ್ಕ ಕೂತಳು. ಹೋಳಿಗೆಯ ಮೊದಲ ತುತ್ತು ಬಾಯಿಗೆ ಹೋಗುವ ಹೊತ್ತಿಗೆ ನಾನು ತಲೆ ಎತ್ತಿ ಮರವನ್ನು ಸರಿಯಾಗಿ ನೋಡಿದೆ.

ಅದು ಬನ್ನಿ ಮರ.

ಮೂವತ್ತು ಹೆಜ್ಜೆ ಹಿಂದೆ ಇರಬೇಕಾದ ನನ್ನ ಗೆರೆ ಎಲ್ಲಿ? ತಿರುಗಿ ನೋಡಿದರೆ ಜೋಳ, ಬರೀ ಜೋಳ. ಮರದ ಬುಡದ ತನಕ ಬಿತ್ತಿದ್ದರು. ಆಮೇಲೆ ಕಲ್ಲುಗಳನ್ನು ನೋಡಿದೆ. ವಿಭೂತಿ, ಕುಂಕುಮ, ಹೂವುಗಳ ಕೆಳಗೆ ಅರ್ಧ ಸುಣ್ಣ, ಅರ್ಧ ಕೆಮ್ಮಣ್ಣು.

‘ಅಕ್ಕಾರ, ಈ ಕಲ್ಲು ಎಲ್ಲೀವು?’ ಅಂದೆ.

‘ನೀವ ಇಟ್ಟ ದೇವರಲ್ಲೇನ್ರಿ,’ ಅಂದಳು ಆಕೆ, ನಗುತ್ತ. ‘ಹೊಲದ ಅಂಚಿಗೆ ಒಂದೊಂದ ಬಿಟ್ಟು ಹೋಗಿದ್ರಿ. ಪಾಂಡವರು ಹಂಗ ಬ್ಯಾರೆ ಬ್ಯಾರೆ ಕುಂದ್ರಬಾರದ್ರಿ. ಹೊಲಾ ಹೊಕ್ಕ ದಿವಸ ನಾನ ಒಂದೊಂದ ಹೊತ್ತು ತಂದು ಇಲ್ಲೆ ಕೂಡಿಸೇನಿ. ಇಂಥಾ ಬನ್ನಿ ಗಿಡ ಇರೂವಾಗ ದೇವರು ಬಿಸಲಾಗ ಯಾಕ ಇರಬೇಕ್ರಿ?’

ಹದಿನಾರು ಜನ ಕೂತಿದ್ದರು. ಅಕ್ಕನ ಮಗಳು ರೊಟ್ಟಿ ಬಡಿಸುತ್ತ ಮರದ ಆಚೆ ಬದಿಗೆ ಹೊರಟಿದ್ದಳು. ನಾನು ಎದ್ದು ನಿಂತೆ. ಇಂಥ ಹೊತ್ತಿನಲ್ಲಿ ಜನರನ್ನು ಹೆದರಿಸಬಾರದು, ಓಡಿಸಬಾರದು, ಮೆತ್ತಗೆ ಮಾತಾಡಬೇಕು ಎಂದು ನಾನೇ ಎಷ್ಟೋ ಜನ ಸೈನಿಕರಿಗೆ ಪಾಠ ಹೇಳಿದ್ದೇನೆ.

‘ಎಲ್ಲಾರೂ ಏಳ್ರಿ. ಬುತ್ತಿ ಇದ್ದಲ್ಲೇ ಇರ್ಲಿ. ನನ್ನ ಹಿಂದ ಒಬ್ಬೊಬ್ಬರ, ಬಂದ ಸಾಲಿನಾಗ ಬರ್ರಿ. ಬ್ಯಾರೆ ಕಡೆ ಕಾಲ ಇಡಬ್ಯಾಡ್ರಿ.’

ಪೂಜೆಯಲ್ಲಿ ಏನೋ ಕುಂದಾಗಿ ಸಾಹೇಬರಿಗೆ ಸಿಟ್ಟು ಬಂತೆಂದು ಎಲ್ಲರೂ ತಿಳಿದರು. ಅಕ್ಕ ಹಿಂದಿಂದ ‘ಏನ ತಪ್ಪಾತ್ರಿ, ಏನ ತಪ್ಪಾತ್ರಿ’ ಎಂದು ಕೇಳುತ್ತಲೇ ಬಂದಳು. ದಾರಿಗೆ ಬಂದು ಎಲ್ಲರನ್ನೂ ಎಣಿಸಿದ ಮೇಲೆ ನನ್ನ ಮೆತ್ತಗಿನ ಮಾತು ಮುಗಿಯಿತು. ಅಷ್ಟು ಜನರ ಮುಂದೆ, ಅಳಿಯನ ಮುಂದೆ, ಆಕೆಯ ಮೇಲೆ ಹರಿಹಾಯ್ದೆ.

‘ಕಲ್ಲ ಮುಟ್ಟಾಕ ನಿಮಗ ಯಾರ ಹೇಳಿದ್ರು? ಎಲ್ಲಾರ್ನೂ ಮಣ್ಣ ಮಾಡತಿದ್ರಿ ಇವತ್ತ.’

ಆಕೆ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಳು. ಹೊಟ್ಟೆ ಹಸಿದುಕೊಂಡು ಎಲ್ಲರೂ ಮನೆಗೆ ಹೋದರು.

ಮೂರು ದಿನ ಬಿಟ್ಟು ನಾನೇ ಶೋಧಕ ಹಿಡಿದು ಆ ಪಟ್ಟಿಯಲ್ಲಿ ಇಳಿದೆ. ನಾವು ಊಟ ಮಾಡಿದ ಜಾಗದಿಂದ ಹತ್ತು ಹೆಜ್ಜೆಗೆ, ಒಂದು ಗೇಣು ಕೆಳಗೆ, ಜೋಳದ ಬೇರಿನ ಪಕ್ಕದಲ್ಲೇ ಒಂದು ಮಾರ್ಟರ್ ಬಾಂಬು ಸಿಕ್ಕಿತು. ಅದನ್ನು ಸಿಡಿಸುವ ಮೂತಿಯ ಫ್ಯೂಜ್ ಹಾಗೆಯೇ ಇತ್ತು. ಅಳಿಯ ಬಿತ್ತುವಾಗ ಕೂರಿಗೆಯ ಕುಡ ಅದರ ಮೈಗೆ ತಾಗಿ ಒಂದು ಹೊಳೆಯುವ ಗೀರು ಬಿಟ್ಟಿತ್ತು. ಅವನೂ ಕೂರಿಗೆ ಎಳೆದ ಎತ್ತುಗಳೂ ಹೇಗೆ ಉಳಿದರೋ ನನ್ನ ವಿದ್ಯೆಗೆ ತಿಳಿಯದು.

ಗೋಪನಕೊಪ್ಪಕ್ಕೆ ಹೋಗಿ ಮ್ಯಾನೇಜರನಿಗೆ ಎಲ್ಲ ಹೇಳಿದೆ. ಅವನು ಗಾಬರಿಯಾಗಲಿಲ್ಲ.

‘ನಕಾಶೆದಾಗ ಗೆರಿ ಐತಲ್ರಿ ಸರ್. ಅದರ ಪ್ರಕಾರ ಮತ್ತ ಕಲ್ಲ ಇಟ್ರಾತು.’

‘ಪೂರ್ವದ ಗೆರಿ ನಾ ಅಂದಾಜಿನಾಗ ಬರದದ್ದು. ಯಂತ್ರಾ ನೀವು ಒಯ್ದಿದ್ರಿ.’

ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದ. ‘ಇದನ್ನ ಹೊರಗ ಹೇಳಿದ್ರ ಪೂರ್ವದ ಗೆರಿ ಒಂದ ಹೋಗಂಗಿಲ್ರಿ. ಇಡೀ ವರದಿ ಮ್ಯಾಲಿನ ನಂಬಿಕಿ ಹೋಗ್ತೈತಿ. ಕೆಳಗ ಯಾರ ಸಹಿ ಐತಿ, ನೋಡ್ಕೋರಿ.’

ನಾನು ವರದಿಯ ಕೊನೆಯ ಹಾಳೆ ತಿರುಗಿಸಿ ನನ್ನ ಸಹಿ ನೋಡಿದೆ.

‘ಕಲ್ಲ ಕಿತ್ತವರು ಅವರ ಹೌದಲ್ರಿ? ಅಷ್ಟ ಬರೀರಿ. ಖರೇನ ಬರದಂಗಾತು.’

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಏನೆಂದು ತಿಳಿಯುವುದಿಲ್ಲ. ಅಳತೆ ತಪ್ಪಿದ್ದು ನನ್ನಿಂದ ಎಂದು ಬರೆದಿದ್ದರೆ ಕಂಪನಿಯೇ ಕೂಡಲೇ ಬಂದು ಹೊಸದಾಗಿ ಅಳೆದು ಗೆರೆ ಹಾಕಬೇಕಿತ್ತು. ಎಂಟು ಹತ್ತು ದಿನದ ಕೆಲಸ. ಗೆರೆಯ ಈಚಿನ ಜೋಳವನ್ನು, ಅಂದರೆ ಹೆಚ್ಚೂಕಡಿಮೆ ಎಲ್ಲವನ್ನೂ, ಅಕ್ಕ ಸುಗ್ಗಿಗೆ ಕೊಯ್ದುಕೊಳ್ಳುತ್ತಿದ್ದಳು. ಹೊಲ ಆಕೆಯದಾಗಿಯೇ ಉಳಿಯುತ್ತಿತ್ತು. ಊರವರು ಗುರುತು ಕಿತ್ತರು ಎಂದು ಬರೆದರೆ ನಿಯಮ ಬೇರೆ. ಆ ಹೊಲವೂ ಅದರ ಆಜುಬಾಜಿನ ಹೊಲಗಳೂ ಮತ್ತೆ ಮುಚ್ಚಿಹೋಗುತ್ತವೆ. ಮೇಲಿನಿಂದ ಹೊಸ ಆದೇಶ ಬರುವ ತನಕ ಯಾರೂ ಒಳಗೆ ಹೋಗುವಂತಿಲ್ಲ. ಮೇಲಿನ ಆದೇಶ ಎಷ್ಟು ವರ್ಷಕ್ಕೆ ಬರುತ್ತದೆಂದು ಆ ಮನೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇದೆಲ್ಲ ನನಗೆ ಆ ಕುರ್ಚಿಯಲ್ಲಿ ಕೂತಾಗಲೇ ಗೊತ್ತಿತ್ತು. ಪೆನ್ನು ತೆಗೆದುಕೊಂಡು ಬರೆದೆ. ‘ಸ್ಥಳೀಯರು ಗಡಿ ಗುರುತಿನ ಕಲ್ಲುಗಳನ್ನು ಕಿತ್ತು ಸ್ಥಳಾಂತರಿಸಿರುವುದು ಕಂಡುಬಂದಿದೆ.’ ಕೆಳಗೆ ಸಹಿ ಹಾಕಿದೆ, ಹಿಂದಿನ ಹುದ್ದೆಯನ್ನೂ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇಪ್ಪತ್ತೆಂಟು ವರ್ಷದ ಹೆಸರು, ಒಂದು ಗೆರೆಯ ತಪ್ಪಿಗೆ ಹೋಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬಾಂಬಿನ ಮುಂದೆ ನಡುಗದವನು ಮಾನ ಹೋಗುತ್ತದೆ ಎಂಬುದಕ್ಕೆ ನಡುಗಿದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ‘ಆ ಗಿಡದ ಕೆಳಗ ನಾನೂ ಕೂತಿದ್ನಿ. ಆ ಅಕ್ಕಾ ನನಗ ಮೊದಲು ಹೋಳಿಗಿ ಹಾಕಿದ್ರು. ಹೋಗಿ ಖರೇ ಏನೈತಿ ಹೇಳಿ ಬರ್ರಿ,’ ಅಂದಳು. ಹೇಳೋಣ ಬಿಡು ಅಂದೆ. ದಿನಗಳು ಹೋದವು.

ಹೊಲಕ್ಕೆ ಮತ್ತೆ ತಂತಿಬೇಲಿ ಬಿತ್ತು, ಈ ಸಲ ಹೊಸದು, ಗಟ್ಟಿಯದು. ಒಳಗೆ ಜೋಳ ತನ್ನ ಪಾಡಿಗೆ ಹಣ್ಣಾಯಿತು. ಸುಗ್ಗಿಯ ದಿನಗಳಲ್ಲಿ ಒಮ್ಮೆ ಬೇರೆ ಕೆಲಸಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ತೆನೆಯ ಮೇಲೆ ಗಿಳಿಗಳು ಮುಗಿಬಿದ್ದಿದ್ದವು. ಓಡಿಸುವವರಿರಲಿಲ್ಲ, ಒಳಗೆ ಹೋಗಿ ಓಡಿಸುವಂತಿರಲಿಲ್ಲ. ನಾನು ಆಚೆ ಕಡೆಯ ಸೀಟಿಗೆ ಹೋಗಿ ಕೂತೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗೇಟಿನ ಸದ್ದಾಯಿತು. ನೋಡಿದರೆ ಅಕ್ಕ, ಒಬ್ಬಳೇ. ಎರಡು ಬಸ್ಸು ಬದಲಿಸಿ, ಮನೆ ಕೇಳುತ್ತ ಕೇಳುತ್ತ ಬಂದಿದ್ದಳು. ಜಗಳಕ್ಕೆ ಬಂದಿದ್ದಾಳೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಜಗಳಕ್ಕೆ ಬಂದಿರಲಿ ಎಂದು ಆಶಿಸಿದೆ. ಯಾರಾದರೂ ಬೈದರೆ ತಿರುಗಿ ಬೈಯಬಹುದು, ಆ ಬೈಗುಳದ ಭರದಲ್ಲಿ ಹೇಳಬೇಕಾದದ್ದನ್ನೂ ಹೇಳಿಬಿಡಬಹುದು. ಹೆಂಡತಿ ಕುರ್ಚಿ ಹಾಕಿದಳು. ಆಕೆ ಕುರ್ಚಿ ಒಲ್ಲೆನೆಂದು ನೆಲಕ್ಕೇ ಕೂತಳು. ಹೆಂಡತಿ ಚಹಾ ಮಾಡಲು ಒಳಗೆ ಹೋದಳು, ಹೋಗುವಾಗ ನನ್ನತ್ತ ಒಮ್ಮೆ ನೋಡಿ ಹೋದಳು.

‘ಹೊಲದ ಸಲುವಾಗಿ ಬಂದಿಲ್ರಿ ಸಾಹೇಬ್ರ,’ ಅಂದಳು ಅಕ್ಕ. ‘ಅದು ಹೋತು. ಅಳಿಯಾರು ಮಗಳನ್ನ ಕರಕೊಂಡು ಅವರ ಊರಿಗೆ ಹೋದ್ರು. ನನ್ನ ದೆಸಿಂದ ಬಾಜೂ ಹೊಲಾನೂ ಮುಚ್ಚಿದ್ರಲ್ರಿ, ಅವರು ನನ್ನ ಕೂಡ ಮಾತ ಬಿಟ್ಟಾರ. ಬಿಡ್ಲಿ, ಅವರ್ದೇನ ತಪ್ಪೈತಿ.’

ನಾನು ಎದ್ದು ಫ್ಯಾನು ಹಾಕಿ ಬಂದು ಕೂತೆ.

‘ಬ್ಯಾಸಿಗಿ ಪೂರಾ ನೀವು ಬಿಸಲಾಗ ಮೊಣಕಾಲೂರಿ ನಮ್ಮ ಸಲುವಾಗಿ ದುಡದ್ರಿ. ನಾ ನೋಡೇನಲ್ರಿ. ನಾ ತಿಳಿಗೇಡಿ, ಕಲ್ಲ ಕಿತ್ತು ನಿಮ್ಮ ಕೆಲಸಾ ಕೆಡಿಸಿದ್ನಿ. ಆಫೀಸಿನವರು ಊರಾಗ ಹೇಳಿ ಹೋದ್ರು, ಸಾಹೇಬರ ಹೆಸರು ನಿಮ್ಮಿಂದ ಕೆಟ್ಟತು ಅಂತ. ಅವತ್ತಿಂದ ನಿದ್ದಿ ಇಲ್ರಿ ನನಗ. ನಿಮ್ಮ ಮುಂದ ಬಂದು ತಪ್ಪಾತು ಅಂತ ಒಂದ ಮಾತ ಹೇಳಬೇಕಂತ ಬಂದೇನ್ರಿ.’

ಆಕೆ ಎರಡೂ ಕೈ ಜೋಡಿಸಿದಳು. ನನಗಿಂತ ಹಿರಿಯಳು. ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ನಡೆದದ್ದು ಹೀಗೆ ಹೀಗೆ ಎಂದು ಹೇಳಲು ನನಗೆ ಬೇಕಾದಷ್ಟು ಹೊತ್ತಿತ್ತು. ನಾಲಿಗೆಯೂ ಇತ್ತು, ಬೇರೆ ದಿನ ಅದು ಸುಮ್ಮನಿರುವುದೇ ಇಲ್ಲ.

‘ಇರ್ಲಿ ಬಿಡ್ರಿ ಅಕ್ಕಾರ,’ ಅಂದೆ. ‘ಗೊತ್ತಿಲ್ಲದ ಆತು. ಮನಸಿಗೆ ಹಚ್ಕೋಬ್ಯಾಡ್ರಿ.’

ಆಕೆಯ ಮುಖ ಎಷ್ಟು ಹಗುರಾಯಿತೆಂದರೆ, ನೋಡಲಾಗಲಿಲ್ಲ. ‘ನೀವು ದೊಡ್ಡ ಮನಸಿನವರು ಸಾಹೇಬ್ರ, ನಾ ಅನಕೊಂಡಿದ್ನಿ ನೀವು ಬಾಗಲಾ ಸೈತ ತಗಿಯಂಗಿಲ್ಲ ಅಂತ,’ ಅಂದಳು. ಹೆಂಡತಿ ತಂದ ಚಹಾ ಕುಡಿದಳು, ಕಪ್ಪು-ಬಶಿ ತೊಳೆದಿಡುತ್ತೇನೆಂದು ಹಟ ಹಿಡಿದಳು, ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೊರಟಳು.

ಗೇಟಿನ ತನಕ ಕಳಿಸಿ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

‘ಹೇಳಿದ್ರಿ?’ ಅಂದಳು.

‘ಇಲ್ಲ. ತಪ್ಪಾತು ಅಂದ್ರು. ಇರ್ಲಿ ಬಿಡ್ರಿ ಅಂದೆ.’